ಕಸಿ ಚಾಕು ಮಡಿಚಿದಾಗ ಅಲಗು ಹೇಗಿರಬೇಕು?

ಮಾವು ಮತ್ತು ಗೇರು ಸಸಿಗಳಲ್ಲಿ ಮೆದುಕಾಂಡ ಕಸಿ, ನಿಂಬೆ ಜಾತಿಯ ಗಿಡಗಳಲ್ಲಿ ಹಾಗೂ ಗುಲಾಬಿಯಲ್ಲಿ ಕಣ್ಣು ಕಸಿ ಮಾಡುವವರಿಗೆ ಮಡಿಚುವ ಚಾಕು ಬಹು ಮುಖ್ಯವಾದ ಉಪಕರಣ. ಚಾಕು ಕೊಳ್ಳುವಾಗ ಅಲಗಿನ ಹರಿತವನ್ನು ಎಲ್ಲರೂ ನೋಡುತ್ತಾರೆ. ಆದರೆ ಮಡಿಚಿದಾಗ ಅಲಗು ಹಿಡಿಯೊಳಗೆ ಹೇಗೆ ಕುಳಿತುಕೊಳ್ಳುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಬೆಳಿಗ್ಗೆ ಮಸೆದ ಚಾಕು ನಾಲ್ಕಾರು ಬಾರಿ ಮಡಿಚಿ ತೆಗೆಯುವಷ್ಟರಲ್ಲಿ ಮೊಂಡಾಗುವುದಕ್ಕೂ, ಜೇಬಿಗೆ ಕೈ ಹಾಕಿದಾಗ ಬೆರಳು ಕೊಯ್ದುಕೊಳ್ಳುವುದಕ್ಕೂ ಕಾರಣ ಅನೇಕ ವೇಳೆ ಇಲ್ಲಿಯೇ ಇರುತ್ತದೆ.

ಕಸಿಗೂ ಇದಕ್ಕೂ ಇರುವ ಸಂಬಂಧ

ಕಸಿಕಡ್ಡಿಯು ಬೇರುಸಸಿಯೊಡನೆ ಬೆಸೆದುಕೊಳ್ಳುವುದು ತೊಗಟೆಯ ಕೆಳಗಿರುವ ಕ್ಯಾಂಬಿಯಂ ಎಂಬ ತೆಳುವಾದ ಪದರದ ಮೂಲಕ. ಎರಡರ ಪದರಗಳೂ ಒಂದಕ್ಕೊಂದು ತಾಗಿಕೊಂಡಿರಬೇಕಾದರೆ ಕೊಯ್ತ ಸಮತಟ್ಟಾಗಿರಬೇಕು. ಮೆದುಕಾಂಡ ಕಸಿಯಲ್ಲಿ ಕಡ್ಡಿಯ ಬುಡವನ್ನು ಸುಮಾರು 4ರಿಂದ 6 ಸೆಂ.ಮೀ. ಉದ್ದಕ್ಕೆ ಬೆಣೆಯಾಕಾರದಲ್ಲಿ ಕೊಯ್ಯಲಾಗುತ್ತದೆ. ಅಲಗಿನ ಬಾಯಿಯಲ್ಲಿ ಸಣ್ಣದೊಂದು ಮುಕ್ಕು ಇದ್ದರೂ ಕೊಯ್ದ ಮೈಮೇಲೆ ಗೆರೆ ಏಳುತ್ತದೆ. ಗೆರೆ ಎದ್ದ ಕಡೆ ಸಂದು ಉಳಿದು, ಕೂಡಬೇಕಾದ ಭಾಗ ಒಣಗುತ್ತದೆ. ಕಸಿ ಹಿಡಿಯದಿದ್ದರೆ ಹವೆಯನ್ನೋ ಕಡ್ಡಿಯನ್ನೋ ದೂರುವುದು ವಾಡಿಕೆ. ಆದರೆ ಎಷ್ಟು ಬಾರಿ ಮಸೆದರೂ ಬಾಯಿಯ ಒಂದೇ ಜಾಗದಲ್ಲಿ ಮುಕ್ಕು ಕಾಣುತ್ತಿದ್ದರೆ, ಅಲಗು ಮಡಿಚಿದಾಗ ಅಲ್ಲಿ ಏನಕ್ಕೋ ತಾಗುತ್ತಿದೆ ಎಂದು ಸಂಶಯಪಡಬೇಕು.

ಚಾಕುವಿನ ರಚನೆ

ಹಿಡಿಯ ಬೆನ್ನಿನ ಉದ್ದಕ್ಕೂ ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅಲಗು ಒಂದು ರಿವೆಟ್ಟಿನ ಮೇಲೆ ತಿರುಗುತ್ತದೆ. ಮಡಿಚಿದಾಗ ಅಲಗಿನ ಬಾಯಿ ಒಳಗೆ ಪಟ್ಟಿಯ ಕಡೆಗೂ, ಅಲಗಿನ ಬೆನ್ನು ಹೊರಗೂ ಇರುತ್ತವೆ. ಅಲಗಿನ ಬುಡದಲ್ಲಿ, ಬಾಯಿ ಆರಂಭವಾಗುವುದಕ್ಕೆ ಮೊದಲು, ಹರಿತವಿಲ್ಲದ ಚಿಕ್ಕ ಉಬ್ಬೊಂದು ಇರುತ್ತದೆ. ಮಡಿಚಿದ ಅಲಗು ಈ ಉಬ್ಬಿನ ಮೇಲೆ ಮಾತ್ರ ನಿಲ್ಲಬೇಕು. ಬಾಯಿ ಎಲ್ಲಿಯೂ ಪಟ್ಟಿಗೆ ತಾಗಕೂಡದು. ಇದೇ ಮುಖ್ಯವಾದ ನಿಯಮ.

ಪರೀಕ್ಷಿಸುವ ಕ್ರಮ

1. ಬಾಯಿ: ತೆಳುವಾದ ಕಾಗದದ ಪಟ್ಟಿಯೊಂದನ್ನು ಹಿಡಿಯ ಸಂದಿನ ತಳದಲ್ಲಿ, ಬುಡದ ಉಬ್ಬಿಗೆ ಸಿಕ್ಕದ ಹಾಗೆ ಇಟ್ಟು ಅಲಗನ್ನು ನಿಧಾನವಾಗಿ ಮಡಿಚಬೇಕು. ತೆಗೆದು ನೋಡಿದಾಗ ಕಾಗದ ಕತ್ತರಿಸಿದ್ದರೆ ಅಥವಾ ಗೆರೆ ಬಿದ್ದಿದ್ದರೆ ಬಾಯಿ ಪಟ್ಟಿಗೆ ತಾಗುತ್ತಿದೆ ಎಂದರ್ಥ.

2. ಮೊನೆ: ಅಲಗಿನ ಮೊನೆ ಹಿಡಿಯ ಅಂಚಿಗಿಂತ ಕೆಳಗೆ ಮುಳುಗಿರಬೇಕು. ಮಡಿಚಿದ ಚಾಕುವಿನ ಮೇಲೆ ಹಳೆಯ ಬಟ್ಟೆಯ ಚೂರನ್ನು ಎಳೆದು ನೋಡಬೇಕು. ದಾರ ಸಿಕ್ಕಿಕೊಂಡರೆ ಮೊನೆ ಮೇಲೆದ್ದಿದೆ. ಬೆರಳಿನಿಂದ ಸವರಿ ನೋಡಬಾರದು. ಕೆಲವು ಕಣ್ಣು ಕಸಿ ಚಾಕುಗಳಲ್ಲಿ ತೊಗಟೆ ಬಿಡಿಸುವ ಮೊಂಡು ತುಣುಕು ಅಲಗಿನ ಬೆನ್ನಿನಲ್ಲೇ ಇದ್ದು, ಮಡಿಚಿದಾಗ ಹೊರಗೆ ಕಾಣುತ್ತದೆ. ಅದು ದೋಷವಲ್ಲ.

3. ನಡುಮಧ್ಯ: ಮೇಲಿನಿಂದ ನೋಡಿದಾಗ ಅಲಗಿನ ಎರಡು ಪಕ್ಕದಲ್ಲೂ ಸಂದು ಸಮನಾಗಿರಬೇಕು. ಅಲಗಿನ ಮೈಮೇಲೆ ಉಜ್ಜಿದ ಗುರುತಿದ್ದರೆ ಅದು ಒಂದು ಪಕ್ಕಕ್ಕೆ ವಾಲಿದೆ.

4. ಬಿಗಿ: ಮಡಿಚುವಾಗ ಕೊನೆಯ ಹಂತದಲ್ಲಿ ಸ್ಪ್ರಿಂಗ್ ಅಲಗನ್ನು ತಾನೇ ಒಳಕ್ಕೆ ಎಳೆದುಕೊಳ್ಳಬೇಕು. ಚಾಕುವನ್ನು ತಲೆಕೆಳಗು ಹಿಡಿದು ಅಲುಗಿಸಿದರೂ ಅಲಗು ಬಿಚ್ಚಿಕೊಳ್ಳಬಾರದು.

5. ಉಗುರಿನ ಕಚ್ಚು: ಅಲಗನ್ನು ಬಿಚ್ಚಲು ಉಗುರು ಸಿಕ್ಕಿಸುವ ಕಚ್ಚು ಪೂರ್ತಿಯಾಗಿ ಹೊರಗೆ ಕಾಣಬೇಕು. ಅದು ಹಿಡಿಯೊಳಗೆ ಅಡಗಿದ್ದರೆ ಅಲಗು ಅತಿಯಾಗಿ ಇಳಿದಿದೆ.

ದೋಷಗಳು ಮತ್ತು ಪರಿಹಾರ

ಮಾವು, ಗೇರಿನ ಸೊನೆ ಮತ್ತು ಧೂಳು ಸೇರಿ ಸಂದಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತವೆ. ಇದು ಉಬ್ಬಿನ ಕೆಳಗೆ ಸೇರಿದರೆ ಅಲಗು ಎತ್ತರಕ್ಕೆ ಬಂದು ಮೊನೆ ಹೊರಗೆ ಕಾಣುತ್ತದೆ. ಆದ್ದರಿಂದ ಮೊದಲು ಅಲಗನ್ನು ಬಿಚ್ಚಿ, ಬಿದಿರು ಕಡ್ಡಿಯಿಂದ ಕೊಳೆ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಸಂದನ್ನು ಒರೆಸಬೇಕು. ಎಷ್ಟೋ ಚಾಕುಗಳು ಇಷ್ಟರಲ್ಲಿಯೇ ಸರಿಹೋಗುತ್ತವೆ.

ಮೊನೆ ಆಮೇಲೂ ಮೇಲಿದ್ದರೆ ಕೆಲವರು ಉಬ್ಬನ್ನೇ ಅರದಿಂದ ಉಜ್ಜಿ ಅಲಗನ್ನು ಇಳಿಸುತ್ತಾರೆ. ಇದು ಸರಿಯಲ್ಲ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಬಾಯಿ ಪಟ್ಟಿಗೆ ಬಡಿಯತೊಡಗುತ್ತದೆ. ಉಜ್ಜಿ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ಅದರ ಬದಲು ಮೊನೆಯ ಬಳಿ ಅಲಗಿನ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ತೇದು, ಪ್ರತಿ ಬಾರಿ ಮಡಿಚಿ ನೋಡಬೇಕು.

ಬಾಯಿ ಪಟ್ಟಿಗೆ ತಾಗುತ್ತಿದ್ದರೆ, ಉಬ್ಬನ್ನು ಮುಟ್ಟದೆ ಬಾಯಿಯನ್ನೆಲ್ಲ ಸಮನಾಗಿ ಮಸೆಯಬೇಕು. ಬಾಯಿ ಹಿಂದಕ್ಕೆ ಸರಿದಷ್ಟೂ ಪಟ್ಟಿಯಿಂದ ದೂರವಾಗುತ್ತದೆ. ಉಬ್ಬು ತೀರ ಸವೆದಿದ್ದರೆ ಅಂಥ ಚಾಕುವನ್ನು ಕಸಿಗೆ ಬಳಸದೆ ಬೇರೆ ಕೆಲಸಕ್ಕೆ ಇಡುವುದು ಲೇಸು. ಹೊಸ ಚಾಕುವಿನಲ್ಲೇ ಈ ದೋಷಗಳಿದ್ದರೆ ಅಂಗಡಿಯಲ್ಲಿಯೇ ಬದಲಾಯಿಸಿಕೊಳ್ಳಬೇಕು.

ನಿತ್ಯದ ಎಚ್ಚರಿಕೆ

ಮಸೆಯುವಾಗ ಬುಡದ ಉಬ್ಬು ಕಲ್ಲಿಗೆ ತಾಗದಂತೆ ನೋಡಿಕೊಳ್ಳಬೇಕು. ಒಂದೇ ಪಕ್ಕದಲ್ಲಿ ಇಳಿಜಾರಿರುವ ಕಸಿ ಚಾಕುವನ್ನು ಆ ಪಕ್ಕದಲ್ಲಿ ಮಾತ್ರ ಮಸೆದು, ಸಪಾಟಾದ ಪಕ್ಕವನ್ನು ಕಲ್ಲಿನ ಮೇಲೆ ಮಟ್ಟಸವಾಗಿಟ್ಟು ಒಂದೆರಡು ಬಾರಿ ಎಳೆದರೆ ಸಾಕು.

ಅಲಗನ್ನು "ಟಪ್" ಎಂದು ಬಡಿದು ಮಡಿಚುವ ಅಭ್ಯಾಸವನ್ನು ಬಿಡಬೇಕು. ಸರಿಯಾಗಿ ಕುಳಿತ ಅಲಗು ಸಹ ಜೋರಾಗಿ ಬಡಿದಾಗ ಸ್ಪ್ರಿಂಗ್ ಬಾಗಿ, ಬಾಯಿ ಪಟ್ಟಿಗೆ ತಾಗಬಹುದು. ಅಲಗಿನ ಬೆನ್ನನ್ನು ಹಿಡಿದು ನಿಧಾನವಾಗಿ ಒಳಗೆ ಬಿಡಬೇಕು.

ನಿಂಬೆ ಜಾತಿಯ ಗಿಡಗಳಿಗೆ ಬರುವ ಎಕ್ಸೊಕಾರ್ಟಿಸ್ ರೋಗ ಚಾಕುವಿನ ಮೂಲಕವೂ ಹರಡುತ್ತದೆ. ಆದ್ದರಿಂದ ಒಂದು ತಾಯಿಮರದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಆದರೆ ಈ ದ್ರಾವಣ ಉಕ್ಕನ್ನು ತಿನ್ನುತ್ತದೆ. ಒದ್ದೆ ಅಲಗನ್ನು ಮಡಿಚಿಟ್ಟರೆ ರಿವೆಟ್ಟು, ಸ್ಪ್ರಿಂಗ್ ಎರಡಕ್ಕೂ ತುಕ್ಕು ಹಿಡಿಯುತ್ತದೆ. ದಿನದ ಕೆಲಸ ಮುಗಿದ ಮೇಲೆ ಅಲಗನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ರಿವೆಟ್ಟಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ನಂತರ ಮಡಿಚಬೇಕು. ಮಾರನೆಯ ದಿನ ಕೊಯ್ಯುವ ಮೊದಲು ಬಾಯಿಗೆ ಅಂಟಿದ ಎಣ್ಣೆಯನ್ನು ಒರೆಸಿಕೊಳ್ಳಬೇಕು.

ಕಸಿ ಕಾಲ ಆರಂಭವಾಗುವ ಮೊದಲು ಪ್ರತಿಯೊಂದು ಚಾಕುವನ್ನೂ ಹೀಗೆ ಪರೀಕ್ಷಿಸಿಕೊಂಡರೆ ತಗಲುವುದು ಕೆಲವೇ ನಿಮಿಷಗಳು. ಕಸಿ ಕೆಟ್ಟರೆ ಬೆಳೆಸಿದ ಬೇರುಸಸಿ, ಆರಿಸಿ ತಂದ ಕಡ್ಡಿ ಮತ್ತು ಆ ದಿನದ ಕೂಲಿ ಮೂರೂ ವ್ಯರ್ಥವಾಗುತ್ತವೆ ಎಂಬುದನ್ನು ಮರೆಯಬಾರದು.