ನಿವೃತ್ತರಿಗೆ ಬಿಡುವೆಲ್ಲಿ?

ಸರ್ಕಾರಿ ನೌಕರರ ವಯೋನಿವೃತ್ತಿಯ, ಅಂದರೆ ನಿಗದಿತ ವಯಸ್ಸು ತುಂಬಿದೊಡನೆ ಸೇವೆಯಿಂದ ಬಿಡುಗಡೆಯಾಗುವ ಮಿತಿಯನ್ನು ಕರ್ನಾಟಕವು 2008ರಲ್ಲಿ 58ರಿಂದ 60 ವರ್ಷಕ್ಕೆ ಏರಿಸಿತಾದರೂ, ತುಮಕೂರಿನಲ್ಲಿ ಮನೆ ಮಾಡಿಕೊಂಡು ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ತೋಟ ಉಳಿಸಿಕೊಂಡಿರುವ ಶಿಕ್ಷಕರಿಗೂ ಗುಮಾಸ್ತರಿಗೂ ಆ ಬಿಡುಗಡೆ ಬಿಡುವಾಗಿ ಪರಿಣಮಿಸುವುದು ಅಪರೂಪ. ಇದಕ್ಕೆ ಮುಖ್ಯ ಕಾರಣ ತೆಂಗು. ವರ್ಷದಲ್ಲಿ ಹಲವು ಬಾರಿ ಕಾಯಿ ಕೆಡವಿಸಬೇಕು, ಅದಕ್ಕೆ ಮರ ಹತ್ತುವವರನ್ನು ಹುಡುಕಬೇಕು, ಉಂಡೆ ಕೊಬ್ಬರಿಗಾಗಿ, ಅಂದರೆ ಚಿಪ್ಪಿನೊಳಗೇ ನೀರು ಇಂಗಿ ತಿರುಳು ಇಡಿಯಾಗಿ ಒಣಗಲೆಂದು, ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯ್ದಿಡಬೇಕು. ಕಚೇರಿಯ ಕಡತಗಳೂ ಬೆನ್ನು ಬಿಡುವುದಿಲ್ಲ: ಪಹಣಿಯ, ಎಂದರೆ ಜಮೀನಿನ ಒಡೆತನ ಮತ್ತು ಬೆಳೆಯನ್ನು ತೋರಿಸುವ ದಾಖಲೆಯ, ತಿದ್ದುಪಡಿಯಿಂದ ಹಿಡಿದು ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ನೋಂದಾಯಿಸುವವರೆಗೆ ಊರವರು ಅರಸಿ ಬರುವುದು ಅರ್ಜಿ ಬರೆಯಬಲ್ಲ ಇವರನ್ನೇ, ಸಂಬಳ ಮಾತ್ರ ಇಲ್ಲ.

ಇದೇನೂ ಹೊಸತಲ್ಲ. ಈ ಎರಡೂ ತಾಲ್ಲೂಕುಗಳಿಗೆ ಹೊಂದಿಕೊಂಡ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪನದಿಂದ ನಿವೃತ್ತರಾದ ಬಳಿಕ ಧಾರವಾಡದ ಕರೆಗೆ ಓಗೊಟ್ಟು ಅಲ್ಲಿನ ಕಾಲೇಜೊಂದರ ಪ್ರಾಂಶುಪಾಲರಾದರು. 1946ರ ಜನವರಿಯಲ್ಲಿ ಅವರು ತೀರಿಕೊಂಡದ್ದೂ ಧಾರವಾಡದಲ್ಲಿಯೇ.