ಮಕ್ಕಳ ಮುಖ, ಮಡಿಚುವ ಕ್ಯಾಮರಾ

ಹಳೆಯ ಮನೆಗಳ ಬೀರುವಿನಲ್ಲಿ, ಮದುವೆಯ ಸೀರೆಗಳ ಕೆಳಗೋ ಜಮೀನಿನ ಕಾಗದಪತ್ರಗಳ ಪಕ್ಕದಲ್ಲೋ, ಒಂದು ಚರ್ಮದ ಚೀಲ ಇರುವುದುಂಟು. ಅದರೊಳಗೆ ದಪ್ಪ ಪುಸ್ತಕದಷ್ಟು ಗಾತ್ರದ, ಚಪ್ಪಟೆಯಾದ ಕರಿಯ ಪೆಟ್ಟಿಗೆ. ಗುಂಡಿಯನ್ನು ಒತ್ತಿದರೆ ಮುಚ್ಚಳ ತೆರೆದುಕೊಂಡು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಕೊಳವೆಯೊಂದು ಮಸೂರವನ್ನು ಹೊತ್ತು ಮುಂದೆ ಬರುತ್ತದೆ. ಇದೇ ಮಡಿಚುವ ಕ್ಯಾಮರಾ. ನಿಮ್ಮ ಮನೆಯಲ್ಲಿ ಅಂಥದೊಂದಿದ್ದರೆ, ಗುಜರಿಗೆ ಹಾಕುವ ಮೊದಲು ನನ್ನ ನಾಲ್ಕು ಮಾತುಗಳನ್ನು ಕೇಳಬೇಕೆಂದು ವಿನಂತಿ. ಮಕ್ಕಳ ಭಾವಚಿತ್ರ ತೆಗೆಯುವುದಕ್ಕೆ ಅದು ಈಗಲೂ ಒಳ್ಳೆಯ ಸಾಧನ. ನಾನು ಕನ್ನಡ ಪಾಠ ಹೇಳುವವನು. ಛಾಯಾಚಿತ್ರ ನನ್ನ ವೃತ್ತಿಯಲ್ಲ. ತಂದೆಯವರಿಂದ ಬಂದ ಇಂಥ ಕ್ಯಾಮರಾದಲ್ಲಿ ಮಕ್ಕಳ ಚಿತ್ರಗಳನ್ನು ತೆಗೆಯುತ್ತ, ಬಹಳಷ್ಟನ್ನು ಕೆಡಿಸುತ್ತ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಯಂತ್ರದ ವಿಚಾರ. ಝೈಸ್ ಇಕಾನ್ ನೆಟ್ಟರ್, ಆಗ್ಫಾ ಐಸೊಲೆಟ್ ಮೊದಲಾದ ಜರ್ಮನಿಯ ಕ್ಯಾಮರಾಗಳು ಈ ಜಾತಿಗೆ ಸೇರಿದವು. ಇವಕ್ಕೆ ಬೇಕಾದದ್ದು 120 ಎಂಬ ಸಂಖ್ಯೆಯ ಫಿಲ್ಮು. 1901ರಲ್ಲಿ ಕೊಡಕ್ ಕಂಪನಿ ಹೊರತಂದ ಈ ಸುರುಳಿ ಇಂದಿಗೂ ತಯಾರಾಗುತ್ತಿದೆ. ಆರು ಸೆಂಟಿಮೀಟರ್ ಚೌಕದ ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಒಂದು ಸುರುಳಿಗೆ 12 ಚಿತ್ರಗಳು. ಫಿಲ್ಮು ತರುವ ಮುನ್ನ ತಿದಿಯನ್ನು ಪರೀಕ್ಷಿಸಿ. ಕತ್ತಲೆಯ ಕೋಣೆಯಲ್ಲಿ ಹಿಂಬಾಗಿಲನ್ನು ತೆಗೆದು ಒಳಗೆ ಟಾರ್ಚು ಹಿಡಿಯಿರಿ. ಮಡಿಕೆಯ ಮೂಲೆಗಳಲ್ಲಿ ನಕ್ಷತ್ರದಂತೆ ಬೆಳಕು ಮಿನುಗಿದರೆ ಅಲ್ಲಿ ತೂತಿದೆಯೆಂದು ಅರ್ಥ. ಆ ತೂತುಗಳನ್ನು ಮುಚ್ಚಿಸಬೇಕು. ಷಟರು ಸರಾಗವಾಗಿ ಆಡದಿದ್ದರೆ ಬಲ್ಲವರಿಂದ ಶುಚಿಮಾಡಿಸಬೇಕು.

ಈ ಕ್ಯಾಮರಾ ತಾನಾಗಿ ಏನನ್ನೂ ಮಾಡುವುದಿಲ್ಲ. ಬೆನ್ನಿನ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಕಾಣುವವರೆಗೆ ಫಿಲ್ಮನ್ನು ನಾವೇ ಸುತ್ತಬೇಕು. ದೂರ, ಬೆಳಕಿನ ಕಿಂಡಿ, ಷಟರಿನ ವೇಗ ಈ ಮೂರನ್ನೂ ನಾವೇ ಗೊತ್ತುಮಾಡಬೇಕು. ಷಟರಿನ ಸ್ಪ್ರಿಂಗನ್ನು ನಾವೇ ಬಿಗಿಯಬೇಕು. ಆಮೇಲೆ ಗುಂಡಿ ಒತ್ತಬೇಕು. ಕ್ಯಾಮರಾವನ್ನು ಮೆಲ್ಲನೆ ತೆರೆದು, ಅನಂತರ ಫಿಲ್ಮು ಸುತ್ತುವುದು ಲೇಸು. ತಿದಿ ಥಟ್ಟನೆ ಬಿಚ್ಚಿಕೊಂಡರೆ ಒಳಗಿನ ಗಾಳಿ ಫಿಲ್ಮನ್ನು ಮುಂದಕ್ಕೆ ಸೆಳೆದು, ಅದು ಚಪ್ಪಟೆಯಾಗಿ ನಿಲ್ಲದಂತೆ ಮಾಡೀತು. ಸುತ್ತುವುದನ್ನೇ ಮರೆತರೆ ಏನಾಗುತ್ತದೆಂಬುದಕ್ಕೆ ನನ್ನ ಬಳಿ ಸಾಕ್ಷಿಯಿದೆ: ಅಣ್ಣನ ಹಣೆಯಲ್ಲಿ ತಂಗಿಯ ಎರಡು ಕಣ್ಣುಗಳು ಮೂಡಿರುವ ಒಂದು ಚಿತ್ರ. ಮಕ್ಕಳು ಅದನ್ನು ನೋಡಿ ನಕ್ಕರು, ನಾನು ನಗಲಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ದೂರದ ಲೆಕ್ಕ. ಸಾಮಾನ್ಯವಾದ ಮಡಿಚುವ ಕ್ಯಾಮರಾದ ನೋಟಕಿಂಡಿಯಲ್ಲಿ ಮುಖ ಸ್ಪಷ್ಟವಾಗಿದೆಯೋ ಮಸುಕಾಗಿದೆಯೋ ತಿಳಿಯುವುದಿಲ್ಲ. ಮಸೂರದ ಬಳೆಯ ಮೇಲೆ ಅಡಿಗಳನ್ನೋ ಮೀಟರುಗಳನ್ನೋ ಕೆತ್ತಿರುತ್ತಾರೆ. ದೂರವನ್ನು ಅಂದಾಜು ಮಾಡಿ ಬಳೆ ತಿರುಗಿಸಬೇಕು. 75 ಮಿಲಿಮೀಟರ್ ಮಸೂರವಿದ್ದು ಮಗು ಐದಡಿ ದೂರದಲ್ಲಿ ಕುಳಿತಿದ್ದರೆ, ಎಫ್ 8 ಕಿಂಡಿಯಲ್ಲಿ ಹಿಂದೆಮುಂದೆ ಸೇರಿ ಸುಮಾರು ಒಂದು ಅಡಿಯಷ್ಟು ಸ್ಥಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಕಿಂಡಿಯನ್ನು ಎಫ್ 4.5ಕ್ಕೆ ಹಿಗ್ಗಿಸಿದರೆ ಅದು ಒಂದು ಗೇಣಿಗಿಂತಲೂ ಕಡಿಮೆ. ಮಗು ಮುಂದಕ್ಕೆ ಬಾಗಿದರೆ ಸಾಕು, ಕಿವಿ ಸ್ಪಷ್ಟ, ಕಣ್ಣು ಮಸುಕು!

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದು ದಾರ. ಅದರ ಒಂದು ತುದಿಯನ್ನು ಕ್ಯಾಮರಾಕ್ಕೆ ಕಟ್ಟಿ, ಸರಿಯಾಗಿ ಐದಡಿಗೆ ಒಂದು ಗಂಟು ಹಾಕಿದ್ದೇನೆ. ಮಗುವನ್ನು ಜಗಲಿಯ ಮೇಲೆ, ಬೆನ್ನು ಕಂಬಕ್ಕೆ ತಾಗುವಂತೆ ಕೂರಿಸಿ, ಗಂಟನ್ನು ಅದರ ಕೆನ್ನೆಯ ಬಳಿ ಹಿಡಿದುಕೊಳ್ಳಲು ಹೇಳುತ್ತೇನೆ. ದಾರ ಬಿಗಿಯಾದಲ್ಲಿ ನನ್ನ ಸ್ಥಾನ ಗೊತ್ತಾಯಿತು. ಕಂಬದ ಆಸರೆ ಇರುವುದರಿಂದ ಮಗುವೂ ಹೆಚ್ಚು ಕದಲುವುದಿಲ್ಲ. ಅಷ್ಟು ದೂರದಲ್ಲಿ ಚಿತ್ರದೊಳಗೆ ಹಿಡಿಸುವುದು ಸುಮಾರು ಮೂರೂವರೆ ಅಡಿ ಚೌಕ. ಕುಳಿತ ಮಗುವಿನ ತಲೆಯಿಂದ ಮೊಣಕಾಲಿನವರೆಗೆ ಬರುತ್ತದೆ. ಮುಖ ದೊಡ್ಡದಾಗಲೆಂದು ತೀರ ಹತ್ತಿರ ಹೋಗಬೇಡಿ, ಮೂಗು ಉಬ್ಬಿದಂತೆ ಕಾಣುತ್ತದೆ. ಬೇಡದ ಭಾಗವನ್ನು ಅಚ್ಚು ಹಾಕುವಾಗ ಕತ್ತರಿಸಿದರಾಯಿತು.

ಬೆಳಕಿಗೂ ಜಗಲಿಯೇ ಸರಿ. ನೆತ್ತಿಯ ಬಿಸಿಲಿನಲ್ಲಿ ಮಕ್ಕಳು ಹುಬ್ಬು ಗಂಟಿಕ್ಕುತ್ತಾರೆ, ಕಣ್ಣಿನ ಕುಳಿಗಳು ಕಪ್ಪಾಗುತ್ತವೆ. ಬೆಳಗಿನ ಒಂಬತ್ತು ಗಂಟೆಗೋ ಸಂಜೆ ನಾಲ್ಕಕ್ಕೋ, ಸೂರಿನ ನೆರಳಿನಲ್ಲಿ, ಮುಖ ಬಯಲಿನ ಕಡೆಗಿರಲಿ. ಆಗ ಆಕಾಶದ ಬೆಳಕು ಮೆತ್ತಗೆ ಬೀಳುತ್ತದೆ. 400 ವೇಗದ ಕಪ್ಪುಬಿಳುಪು ಫಿಲ್ಮಾದರೆ ಎಫ್ 8, ಸೆಕೆಂಡಿನ ಎಪ್ಪತ್ತೈದನೆಯ ಒಂದು ಭಾಗ ಸಾಮಾನ್ಯವಾಗಿ ಸಾಕಾಗುತ್ತದೆ. ಈ ವೇಗದಲ್ಲಿ ಓಡುವ ಮಗು ಸಿಕ್ಕುವುದಿಲ್ಲ, ಕುಳಿತ ಮಗು ಸಿಕ್ಕುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಗುಂಡಿ ಒತ್ತಿ.

ಇಷ್ಟೆಲ್ಲ ಸಿದ್ಧವಾದ ಮೇಲೆ ನಾವು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. "ಎಲ್ಲಿ, ನಗು ನೋಡೋಣ" ಎನ್ನುತ್ತೇವೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬ ನಮ್ಮ ಶಾಲೆ ಬಿಟ್ಟು ದೂರದ ಊರಿನ ವಸತಿಶಾಲೆಗೆ ಹೊರಟಿದ್ದ. ಅವನ ತಾಯಿ ಬಂದು, ಮಗನದೊಂದು ಪಟ ತೆಗೆದುಕೊಡಿ ಎಂದು ಕೇಳಿದರು. ಹುಡುಗನನ್ನು ಕಂಬಕ್ಕೆ ಒರಗಿಸಿ, ದಾರ ಹಿಡಿಸಿ, ನಗು ಎಂದೆ. ವಿಧೇಯ ಹುಡುಗ, ಹಲ್ಲು ತೋರಿಸಿದ. ಹೀಗೆ ಹನ್ನೊಂದು ಚಿತ್ರಗಳಾದವು. ಅಷ್ಟರಲ್ಲಿ ದಾರದ ಗಂಟು ಸಡಿಲವಾಯಿತು. ಅವನು ಕುಳಿತಲ್ಲಿಯೇ, ಕೆಳತುಟಿಯನ್ನು ಕಚ್ಚಿಕೊಂಡು, ತಲೆ ಕೊಂಚ ವಾಲಿಸಿ ಗಂಟನ್ನು ಬಿಗಿಯತೊಡಗಿದ. ದೂರ ಮೊದಲೇ ಗೊತ್ತಾಗಿತ್ತು, ಷಟರು ಬಿಗಿದಿತ್ತು. ಉಳಿದ ಒಂದು ಚಿತ್ರವನ್ನು ಏಕೆ ವ್ಯರ್ಥ ಮಾಡಬೇಕೆಂದು, ಯಾವ ಯೋಚನೆಯೂ ಇಲ್ಲದೆ ಗುಂಡಿ ಒತ್ತಿದೆ.

ಅಚ್ಚಾಗಿ ಬಂದ ಮೇಲೆ, ನಗುವ ಚಿತ್ರಗಳಲ್ಲಿ ಉತ್ತಮವಾದದ್ದನ್ನು ಆರಿಸಿ ಆಕೆಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. "ಪಟ ಚೆಂದಾಗೈತೆ ಮೇಷ್ಟ್ರೇ, ಆದ್ರೆ ನನ್ ಮಗ ಹಿಂಗಿರಾಕಿಲ್ಲ" ಎಂದರು. ನನಗೆ ನಾಚಿಕೆಯಾಯಿತು. ಹುಡುಗ ಆಗಲೇ ಊರು ಬಿಟ್ಟಿದ್ದ, ಇನ್ನೊಮ್ಮೆ ತೆಗೆಯುವಂತಿರಲಿಲ್ಲ. ಕೊನೆಗೆ ಆ ಹನ್ನೆರಡನೆಯ ಚಿತ್ರವನ್ನು ಸಂಕೋಚದಿಂದಲೇ ಮುಂದಿಟ್ಟೆ. ಆಕೆ ಸೆರಗಿನಿಂದ ಬೆರಳು ಒರೆಸಿಕೊಂಡು ಅದನ್ನು ಎತ್ತಿಕೊಂಡರು. "ಇವ್ನೇ ನೋಡಿ" ಎಂದಷ್ಟೇ ಹೇಳಿ ಹೊರಟುಹೋದರು.

ಅಂದಿನಿಂದ ನಾನು ಯಾವ ಮಗುವಿಗೂ ನಗು ಎಂದು ಹೇಳಿಲ್ಲ. ದೂರ, ಕಿಂಡಿ, ವೇಗಗಳನ್ನು ಮುಂಚೆಯೇ ಗೊತ್ತುಮಾಡಿಕೊಂಡು, ಮಗುವಿನ ಕೈಗೆ ಒಂದು ಕೆಲಸ ಕೊಡುತ್ತೇನೆ: ಹುಣಿಸೆಬೀಜ ಎಣಿಸುವುದು, ಹೂ ಕಟ್ಟುವುದು, ಪೆನ್ಸಿಲು ಹೆರೆಯುವುದು. ಆಮೇಲೆ ಕಾಯುತ್ತೇನೆ. ಕೆಲಸದಲ್ಲಿ ಮುಳುಗಿದ ಮಗು ನಮ್ಮನ್ನು ಮರೆಯುತ್ತದೆ. ಎಂದೋ ಒಮ್ಮೆ ತಾನಾಗಿ ತಲೆಯೆತ್ತಿ ನೋಡುತ್ತದೆ. ಆ ಕ್ಷಣ ನಮ್ಮದು. ಚಿತ್ರ ತೆಗೆಯುವ ಮೊದಲು ತಂದೆತಾಯಿಗಳ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯೂ ಇರಬೇಕು. ಬೇಡವೆಂದರೆ ಕ್ಯಾಮರಾ ಮಡಿಚಿಡುವುದೇ ಮರ್ಯಾದೆ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತೆಗೆದ ಮಕ್ಕಳ ಚಿತ್ರಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವುಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ಅವನ್ನು ಮತ್ತೊಮ್ಮೆ ಸಾವಧಾನವಾಗಿ ನೋಡಿ. ಆ ಮಕ್ಕಳು ತಮ್ಮ ಪಾಡಿಗೆ ತಾವು ಇರುವುದನ್ನು ಕಾಣುವಿರಿ.

ಮೊಬೈಲಿನಲ್ಲಿ ನೂರು ಚಿತ್ರ ತೆಗೆಯುವುದು ಇಂದು ಸುಲಭ, ನಾನೂ ತೆಗೆಯುತ್ತೇನೆ. ಆದರೆ ಹನ್ನೆರಡೇ ಚಿತ್ರಗಳಿವೆ ಎಂದಾಗ ಕಣ್ಣು ಎಚ್ಚರಗೊಳ್ಳುತ್ತದೆ. ಮಕ್ಕಳ ಮುಖ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೋದ ಮುಖ ಮತ್ತೆ ಬರುವುದಿಲ್ಲ. ಈ ಭಾನುವಾರ ಬೀರು ತೆಗೆದು ನೋಡಿ. ಚಿತ್ರ ಚೆನ್ನಾಗಿ ಬಂದರೆ ಒಂದು ಪ್ರತಿಯನ್ನು ಆ ಮಗುವಿನ ಕೈಗೇ ಕೊಡುವುದನ್ನು ಮಾತ್ರ ಮರೆಯಬೇಡಿ.