ಪಾರ್ಕಿನ ಒಳಗೆ ಒಂದು ಸುತ್ತು

ಭಾನುವಾರ, ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಪಾರ್ಕು. ದೊಡ್ಡ ಗೇಟಿಗೆ ಬೀಗ ಹಾಕಿತ್ತು. ಅದರ ಪಕ್ಕದಲ್ಲಿ ಒಬ್ಬೊಬ್ಬರೇ ಮೈ ತಿರುಗಿಸಿಕೊಂಡು ನುಸುಳುವಂಥ ಅಂಕುಡೊಂಕು ಕಿಂಡಿ. ಬೈಕು, ದನ ಒಳಗೆ ಬರದಿರಲೆಂದು ಮಾಡಿರಬೇಕು. ಹೆಗಲಿಗೆ ಹಾಕಿದ್ದ ಚೀಲ ಕಂಬಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಒಳಗೆ ಹೋದೆ.

ಮೊದಲು ಕಂಡದ್ದು ಹೊಂಗೆ ಮರಗಳ ಸಾಲು. ಉದುರಿದ ಹೂವು ನೆಲದ ಮೇಲೆ ಭತ್ತದ ಅರಳು ಚೆಲ್ಲಿದ ಹಾಗಿತ್ತು. ಆ ಹೂವಿನ ಮೇಲೆಯೇ ನಡಿಗೆಯ ದಾರಿ, ದಾರಿಯ ತುಂಬ ಜನ. ಎಲ್ಲರೂ ಪ್ರದಕ್ಷಿಣೆ ಬರುವವರ ಹಾಗೆ ಒಂದೇ ದಿಕ್ಕಿನಲ್ಲಿ ಸುತ್ತುತ್ತಿದ್ದರು. ಹಾಗೆಂದು ಎಲ್ಲೂ ಬರೆದು ಹಾಕಿರಲಿಲ್ಲ. ನಾನೂ ಅವರ ಜೊತೆ ಸೇರಿಕೊಂಡೆ.

ನನ್ನ ಮುಂದೆ ಮೂವರು ಹೆಂಗಸರು. ಮಗಳ ಬಾಣಂತನದ ಮಾತು ಸಾಗಿತ್ತು. ಮಾತು ನಿಲ್ಲುತ್ತಿರಲಿಲ್ಲ, ಕಾಲೂ ನಿಲ್ಲುತ್ತಿರಲಿಲ್ಲ. ಉದ್ದದ ವಾಕ್ಯ ಬಂದಾಗ ಮಾತ್ರ ನಡುವೆ ಒಂದು ಉಸಿರು. ನಡಿಗೆಯ ವೇಗ ಸರಿಯಾಗಿದೆಯೇ ಎಂದು ತಿಳಿಯಲು ತಜ್ಞರು ಹೇಳುವ ಅಳತೆಯೂ ಇದೇ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ದೊಡ್ಡವರಿಗೆ ಇಂಥ ಚುರುಕಿನ ಚಟುವಟಿಕೆ ವಾರಕ್ಕೆ ಕನಿಷ್ಠ 150 ನಿಮಿಷ ಬೇಕು. ಐದು ದಿನ ಅರ್ಧರ್ಧ ಗಂಟೆ ನಡೆದರೆ ಅಷ್ಟಾಗುತ್ತದೆ. ಕೈಗೆ ಗಡಿಯಾರ ಕಟ್ಟಿಕೊಂಡು ಹೆಜ್ಜೆ ಎಣಿಸುವವರೂ ಅಲ್ಲಿದ್ದರು. ಈ ಮೂವರಿಗೆ ಅದರ ಅಗತ್ಯ ಇದ್ದಂತೆ ಕಾಣಲಿಲ್ಲ. ಮಾತು ಮುಗಿಯದೆ ಅವರು ಮನೆಗೆ ಹೋಗುವವರಲ್ಲ.

ಅರ್ಧ ಸುತ್ತು ಕಳೆದರೆ ಎಡಕ್ಕೆ ಒಂದು ಮಂಟಪ. ಅಲ್ಲಿ ಯೋಗ ನಡೆಯುತ್ತಿತ್ತು. ಸುಮಾರು ಮೂವತ್ತು ಜನ. ಕೆಲವರದು ಬಣ್ಣದ ಮ್ಯಾಟು, ಕೆಲವರದು ಮನೆಯ ಹಳೆಯ ಜಮಖಾನ. ಹಿಂದಿನ ಸಾಲಿನ ಐದಾರು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಕೈ ಮೇಲೆತ್ತಿ ಬಗ್ಗುತ್ತಿದ್ದರು. ಮಂಡಿ ನೋವಿದ್ದವರನ್ನು 'ನಿಮ್ಮಿಂದಾಗದು' ಎಂದು ಮನೆಗೆ ಕಳಿಸದೆ ಕುರ್ಚಿ ತಂದು ಹಾಕಿದ್ದು ನನಗೆ ಬಹಳ ಹಿಡಿಸಿತು.

ಕಂಬದ ಬುಡದಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ನು. ಹಾಜರಿ ಪುಸ್ತಕ! ಇದು ಶಾಲೆಯಲ್ಲ, ಕಚೇರಿಯಲ್ಲ, ಇಲ್ಲಿ ಹಾಜರಿ ಯಾಕೆ ಎಂದು ಬೆರಗಾಗಿ ನಿಂತೆ. ಅಷ್ಟರಲ್ಲಿ ತಡವಾಗಿ ಬಂದವರೊಬ್ಬರು ಸಹಿ ಹಾಕಲು ಬಗ್ಗಿದರು. ಪಕ್ಕದವರು ಮೆಲ್ಲಗೆ ಕೇಳಿದರು, "ಏನ್ ಸಾರ್, ಎರಡು ದಿನ ಕಾಣಲಿಲ್ಲ?" "ಮೊಮ್ಮಗಳಿಗೆ ಜ್ವರ." "ಈಗ ಹೇಗಿದೆ?" "ಇಳಿದಿದೆ." ಆಮೇಲೆ ಇಬ್ಬರೂ ಕಣ್ಣು ಮುಚ್ಚಿ ಕೂತರು. ನಿವೃತ್ತಿಯಾದ ಮೇಲೆ, ಮಕ್ಕಳು ದೂರವಾದ ಮೇಲೆ, ಎರಡು ದಿನ ಕಾಣದಿದ್ದರೆ ಕೇಳುವವರು ಎಷ್ಟು ಜನರಿಗಿದ್ದಾರೆ? ಆಸನಗಳಿಂದ ಬೆನ್ನಿಗೆ ಆಗುವ ಲಾಭ ದೊಡ್ಡದೇ. ಆದರೆ ನಿದ್ದೆ ಬಿಟ್ಟು ಬರುವಂತೆ ಮಾಡುವುದು ಆ ನೋಟ್‌ಬುಕ್ಕು ಎಂದೇ ನನಗನ್ನಿಸಿತು.

ಮಂಟಪದ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಒಂದು, ಎರಡು, ಒಂದು, ಎರಡು, ಮೂರು. ಜೊತೆಗೆ "ಹೋ ಹೋ, ಹಾ ಹಾ ಹಾ". ನಗೆಕೂಟ. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ವೈದ್ಯರೊಬ್ಬರು ಐದು ಜನರೊಂದಿಗೆ ಶುರುಮಾಡಿದ ಈ ಪದ್ಧತಿ ಆಮೇಲೆ ದೇಶ ದಾಟಿ ಹರಡಿತು. ಮೊದಮೊದಲು ಅಲ್ಲಿ ಜೋಕು ಹೇಳಿ ನಗುತ್ತಿದ್ದರಂತೆ. ಜೋಕು ಮುಗಿದ ಮೇಲೆ ಕಾರಣವಿಲ್ಲದೆ ನಗುವುದನ್ನೇ ವ್ಯಾಯಾಮ ಮಾಡಿಕೊಂಡರು. ಇಲ್ಲಿಯ ಗುಂಪಿನಲ್ಲಿ ಹದಿನೆಂಟೋ ಇಪ್ಪತ್ತೋ ಜನ ವೃತ್ತವಾಗಿ ನಿಂತಿದ್ದರು. ನಾಲಿಗೆ ಹೊರಚಾಚಿ ಸಿಂಹದ ಹಾಗೆ ನಗುವ ಸರದಿ ಬಂದಾಗ, ಕಚ್ಚೆಪಂಚೆಯ ಹಿರಿಯರೊಬ್ಬರು ಎದುರಿನವರ ಮುಖ ನೋಡಿ ಹೊಟ್ಟೆ ಹಿಡಿದುಕೊಂಡರು. ಅಲ್ಲಿಯವರೆಗಿನ ನಗು ಬರಿಸಿಕೊಂಡದ್ದು, ಇದು ತಾನಾಗಿ ಬಂದದ್ದು ಎಂದುಕೊಂಡೆ. ಬೇರೆಯವರ ನಗುವಿನ ಬಗ್ಗೆ ಖಚಿತವಾಗಿ ಹೇಗೆ ಹೇಳಲಿ?

ಮುಂದೆ ಹಳದಿ, ನೀಲಿ ಬಳಿದ ಕಬ್ಬಿಣದ ಯಂತ್ರಗಳು. ನಿಂತು ಕಾಲು ಬೀಸುವುದು, ಸೊಂಟ ತಿರುಗಿಸುವುದು, ಕೂತು ತೋಳಿನಿಂದ ಎಳೆಯುವುದು. ಎರಡು ಕೆಟ್ಟಿದ್ದವು. ಒಂದರ ಕಾಲಿಡುವ ಪಟ್ಟಿ ಮುರಿದು ಅಂಚು ಹೊರಗೆ ಚಾಚಿತ್ತು. ತುಕ್ಕು ನೋಡಿದರೆ ಮುರಿದು ಬಹಳ ದಿನವಾದಂತಿತ್ತು. ತಂದು ನಿಲ್ಲಿಸುವಾಗಿನ ಆಸ್ಥೆ ರಿಪೇರಿಗೆ ಉಳಿದಿಲ್ಲ.

ನಾನು ಹೆಚ್ಚು ಹೊತ್ತು ನಿಂತದ್ದು ಮಕ್ಕಳ ಜಾಗದಲ್ಲಿ. ಜಾರುಬಂಡೆ, ಉಯ್ಯಾಲೆ ಇದ್ದವು. ಆದರೆ ಗುಂಪು ಕೂಡಿದ್ದು ಅಲ್ಲಿಯ ಸಿಮೆಂಟು ನೆಲದ ಮೇಲೆ. ಯಾರೋ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆಗಳನ್ನು ಬರೆದಿದ್ದರು. ಎಂಟೊಂಬತ್ತು ವರ್ಷದ ಹುಡುಗಿಯರು ಮೂರ್ನಾಲ್ಕು ಜನ, ಅವರ ಜೊತೆ ಒಬ್ಬ ಅಜ್ಜಿ. ವಯಸ್ಸು ಎಪ್ಪತ್ತಿರಬಹುದು, ಹೆಚ್ಚೂ ಇರಬಹುದು. ಕಾಲಿಗೆ ಕ್ಯಾನ್ವಾಸ್ ಶೂ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

"ಗೆರೆ ತುಳಿದರೆ ಔಟು. ನಾನು ಕುಂಟಲ್ಲ ಕಣೇ, ನಿಂತ್ಕೋತೀನಿ ಅಷ್ಟೆ" ಎಂದು ಅಜ್ಜಿ ಒಂದು ಕೈಯಿಂದ ಉಯ್ಯಾಲೆಯ ಕಂಬ ಹಿಡಿದು ಒಂದು ಕಾಲೆತ್ತಿದರು. ಹುಡುಗಿಯರು ಎಣಿಸತೊಡಗಿದರು. ಒಂಬತ್ತಕ್ಕೆ ಕಾಲು ಕೆಳಗೆ ಬಂತು. "ನಿನ್ನೆ ಏಳೇ ಅಜ್ಜಿ!" ಎಂದು ಒಬ್ಬಳು ಕುಣಿದಳು. ಮೊಮ್ಮಗಳೋ ಪಕ್ಕದ ಮನೆಯವಳೋ ತಿಳಿಯಲಿಲ್ಲ.

ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಮೈಯ ಸಮತೋಲಕ್ಕೆ ಮತ್ತು ಸ್ನಾಯುಬಲಕ್ಕೆ ಅಭ್ಯಾಸ ಮಾಡಬೇಕೆನ್ನುತ್ತಾರೆ. ಬಚ್ಚಲಲ್ಲೋ ಮೆಟ್ಟಿಲಲ್ಲೋ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುವುದು ಮುಪ್ಪಿನ ದೊಡ್ಡ ಭಯ. ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈದಣಿಯುವ ಆಟ ಬೇಕು. ಎರಡೂ ಸಲಹೆಗಳು ಆ ಸುಣ್ಣದ ಗೆರೆಗಳ ನಡುವೆ ಒಟ್ಟಿಗೆ ನಡೆಯುತ್ತಿದ್ದವು. ಹಿರಿಯರಿಗೊಂದು ಮೂಲೆ, ಮಕ್ಕಳಿಗೊಂದು ಮೂಲೆ ಎಂದು ಪಾರ್ಕನ್ನು ಹಂಚಿದವರು ಇದನ್ನು ನೋಡಬೇಕಿತ್ತು.

ಅಲ್ಲಿಂದ ಕೇರಂ ಬೋರ್ಡಿನ ಬೆಂಚು, ದಿನಪತ್ರಿಕೆಯ ಕಟ್ಟೆ ದಾಟಿ ಮತ್ತೆ ಗೇಟಿಗೆ ಬಂದೆ. ಸುತ್ತಿನುದ್ದಕ್ಕೂ ಕಾಲೇಜಿನ ವಯಸ್ಸಿನವರು ಬೆರಳೆಣಿಕೆಯಷ್ಟೇ ಕಂಡಿದ್ದರು. ಇನ್ನೂ ಏನೋ ಕಂಡಿಲ್ಲವೆಂಬ ಭಾವ ಇತ್ತು. ಏನೆಂದು ಹೊಳೆಯಲಿಲ್ಲ.

ಹೊರಗೆ ಫುಟ್‌ಪಾತಿನ ಮೇಲೆ ತಳ್ಳುಗಾಡಿ. ಹಾಗಲ, ಬೂದುಗುಂಬಳ, ಬಾಳೆದಿಂಡಿನ ರಸ, ಸ್ಟೀಲ್ ಪಾತ್ರೆಯಲ್ಲಿ ರಾಗಿ ಅಂಬಲಿ. ಗಾಡಿಯ ಪಕ್ಕದಲ್ಲಿ ಗಾಲಿಕುರ್ಚಿಯೊಂದರಲ್ಲಿ ಹಿರಿಯರೊಬ್ಬರು ಕೂತಿದ್ದರು. ಕಿಂಡಿಯ ಅಗಲ ನೋಡಿದೆ, ಕುರ್ಚಿಯ ಅಗಲ ನೋಡಿದೆ. ಒಳಗೆ ಯಾರು ಕಂಡಿಲ್ಲವೆಂದು ಆಗ ಹೊಳೆಯಿತು. ದೊಡ್ಡ ಗೇಟಿನ ಬೀಗಕ್ಕೆ ಕೀಲಿ ಯಾರ ಬಳಿ ಇದೆಯೆಂದು ಗಾಡಿಯವನನ್ನು ಕೇಳಿದೆ. "ಗೊತ್ತಿಲ್ಲ ಸಾರ್, ತೆಗೆದಿದ್ದು ನೋಡಿಲ್ಲ" ಎಂದ.

ಆ ಹೊತ್ತಿಗೆ ನಗೆಕೂಟದವರು ಒಬ್ಬೊಬ್ಬರಾಗಿ ಕಿಂಡಿಯಿಂದ ನುಸುಳಿ ಬಂದರು. ಯಾರೂ ಮನೆಯ ದಾರಿ ಹಿಡಿಯಲಿಲ್ಲ. ಗಾಲಿಕುರ್ಚಿಯ ಸುತ್ತ ನೆರೆದರು. ಕಚ್ಚೆಪಂಚೆಯವರು ಕೈ ಎತ್ತಿದರು. ಕುರ್ಚಿಯಲ್ಲಿದ್ದವರ ಬಲಗೈ ಮಾತ್ರ ಮೇಲೆದ್ದಿತು. ಪಕ್ಕದವರೊಬ್ಬರು ತಮ್ಮ ಅಂಗೈ ಅದಕ್ಕೆ ಒಡ್ಡಿದರು.

ಒಂದು, ಎರಡು, ಒಂದು, ಎರಡು, ಮೂರು.